ಸೋಯಾ ಬೆಳಿಗೆ ಒಂದು ಕೊಡ ಸಿಹಿನೀರು

ಗೋರಖ,

ಭಾಲ್ಕಿಯಿಂದ ಮೊದಲ ಬಸ್ಸಿನಾಗ ಹೈದರಾಬಾದಿಗೆ ಕೂಲಿಗೆ ಹೊಂಟೇನಿ. ನಿನ್ನನ್ನ ಎಬ್ಬಿಸಲಿಲ್ಲ. ಎಬ್ಬಿಸಿದ್ರ ಮತ್ತ ಜಗಳಾನೇ ಆಗ್ತಿತ್ತು.

ಸೋಯಾದ ಎಲಿ ಇನ್ನೂ ಹಳದಿನೇ ಅದಾವ, ನರ ಅಷ್ಟೇ ಹಸಿರು. ಕಬ್ಬಿಣದ ಗೊಬ್ಬರ ಮಣ್ಣಿಗೆ ಚೆಲ್ಲಬ್ಯಾಡ ಅಂದಿದ್ದೆ, ಚೆಲ್ಲಿದಿ. ನಮ್ಮ ಸುಣ್ಣದ ಭೂಮಿ ಎರಡು ಚೀಲ ನುಂಗಿ ಸುಮ್ಮನ ಕುಂತದ. ಆಮ್ಯಾಲ ಎಲಿಗೆ ಹೊಡಿಯೋಣಂತ ನಾನೇ ಬೋರಿನ ಸವಳ ನೀರಾಗ ಕಲಸಿದೆ. ನೀರು ತುಕ್ಕಿನ ಬಣ್ಣಕ್ಕ ತಿರುಗಿ ಔಷಧ ಹೊಡಿಯೋ ಪಂಪಿನ ಬಾಯಿ ಕಟ್ಟಿತು. ಅದಕ್ಕೂ ನಿನ್ನನ್ನೇ ಬೈದೆ. ತಪ್ಪು ನಂದಿತ್ತು.

ಗೊಬ್ಬರದ ಪುಡಿ ಒಂದೇ ಪೊಟ್ಟಣ ಉಳದದ, ಗೂಡಿನಾಗ ಇಟ್ಟೇನಿ. ಟ್ಯಾಂಕರಿನ ಸಿಹಿನೀರು ಮೂರು ಕೊಡ ಅದಾವ. ಒಂದನ್ನ ಪಂಪಿಗೆ ಸುರಿ, ನಾಕು ಲಿಂಬಿಹಣ್ಣು ಹಿಂಡು, ಆಮ್ಯಾಲ ಪುಡಿ ಹಾಕಿ ಕಲಸು; ಹುಳಿ ಇದ್ರ ಕಬ್ಬಿಣ ತುಕ್ಕಾಗಂಗಿಲ್ಲ. ಬಿಸಿಲು ಇಳದ ಮ್ಯಾಲ ಬೋರಿನ ಕಡಿ ಸಾಲಿಗೆ ಅಷ್ಟೇ ಹೊಡಿ.

ಉಳಿದ ಎರಡು ಕೊಡ ಕುಡಿಲಿಕ್ಕ. ಸೋಮವಾರದ ತನಕ ಟ್ಯಾಂಕರ್ ಬರಂಗಿಲ್ಲ, ಅಜ್ಜಿಗೆ ಕಡಿಮಿ ಮಾಡಬ್ಯಾಡ.

ಐದು ದಿನಕ್ಕ ಹೊಸ ಎಲಿ ಹಸಿರಾದ್ರ ಫೋನ್ ಮಾಡು. ಆಗ್ಲಿಲ್ಲಂದ್ರ ಹೊಲದಾಗ ಎಮ್ಮಿ ಬಿಡು, ಅದರ ಹೊಟ್ಟಿಯಾದ್ರೂ ತುಂಬ್ಲಿ. ನನಗ ಹೇಳೂದು ಬ್ಯಾಡ. ಫೋನ್ ಬರ್ಲಿಲ್ಲಂದ್ರ ತಿಳ್ಕೋತೇನಿ.

ಅವ್ವ