ಬಾಯಿ ತುಂಬ ಮರಿ

ಮಾರ್ಚ್ ೧೪, ಶುಕ್ರವಾರ

ಇವತ್ತೂ ಕುಕ್ಕರ್ ಒಲೆ ಏರಲಿಲ್ಲ. ಹತ್ತೊಂಬತ್ತು ದಿನದಿಂದ ಅನ್ನ ಪಾತ್ರೆಯಲ್ಲೇ ಬೇಯುತ್ತಿದೆ, ನಾನೂ ನನ್ನವಳೂ ಪಿಸುಮಾತಿನಲ್ಲೇ ಸಂಸಾರ ಮಾಡುತ್ತಿದ್ದೇವೆ. ತೊಟ್ಟಿಯ ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಉಪವಾಸ ಕೂತಿದೆ, ಬೆಚ್ಚಿದರೆ ನುಂಗಿಬಿಡುತ್ತದೆ. ಹೋದ ಸಲ ಕುಕ್ಕರಿನ ಒಂದೇ ಸೀಟಿಗೆ ಎಲ್ಲ ಮುಗಿದಿತ್ತು. ಈ ಜಾತಿಯ ಮೀನಿದ್ದ ಒಂದೇ ಹಳ್ಳ ಎಂದೋ ಬತ್ತಿತು. ಇದನ್ನು ಸಾಕುವ ನಮ್ಮ ನಾಲ್ಕು ಮನೆಗಳಲ್ಲಿ ಉಳಿದಿರುವುದು ಒಂದೇ ಜೋಡಿ: ಹೆಣ್ಣು ನಮ್ಮದು, ಗಂಡು ದರ್ಜಿಯಣ್ಣ ಮರಿಗಾಗಿ ನಮ್ಮ ತೊಟ್ಟಿಗೆ ತಂದುಬಿಟ್ಟದ್ದು.

ಬಾಯಿ ತುಂಬ ಮರಿ, ಹೊಟ್ಟೆ ಮಾತ್ರ ಬರಿ. ಹೀಗೆಂದು ಪದ್ಯ ಕಟ್ಟಲು ಹೊರಟೆ, ಮೂರನೆಯ ಸಾಲಿಗೆ ನನ್ನವಳು ಬಿಡಲಿಲ್ಲ.

ದರ್ಜಿಯಣ್ಣ ದಿನವೂ ಫೋನ್ ಮಾಡಿ ಪಿಸುಗುಟ್ಟುತ್ತಾನೆ.

"ನೀನ್ಯಾಕಣ್ಣ ಮೆಲ್ಲಗೆ ಮಾತಾಡ್ತೀಯಾ? ಮೀನಿರೋದು ನಮ್ಮನೇಲಿ."

"ಭಯ ಇರೋದು ನಮ್ಮನೇಲಿ ಕಣಯ್ಯ."

ಇಷ್ಟು ದಿನ ನಾವು ಗಂಡಹೆಂಡತಿ ಒಮ್ಮೆಯೂ ಜಗಳವಾಡಿಲ್ಲ. ಪಿಸುದನಿಯಲ್ಲಿ ಬೈಯಲು ಹೋದರೆ ನಗು ಬರುತ್ತದೆ.

ಸಂಜೆ ತೊಟ್ಟಿಯ ಮುಂದೆ ಕೂತಿದ್ದವಳು ನನ್ನ ತೋಳು ಚಿವುಟಿದಳು. ಗಂಡು ಬಾಯಿ ತೆರೆದಿತ್ತು. ಅಕ್ಕಿಕಾಳಿನಷ್ಟು ಮರಿಗಳು ಒಂದೊಂದಾಗಿ ಹೊರಬಂದವು. ಅವಳ ಎಣಿಕೆಗೆ ಸಿಕ್ಕಿದ್ದು ಇಪ್ಪತ್ತಮೂರು. ಬೆಳೆದ ಮೇಲೆ ನಾಲ್ಕೂ ಮನೆಗೆ ಹಂಚಬೇಕು. ಒಂದು ತೊಟ್ಟಿ ಕೆಟ್ಟರೂ ವಂಶ ಉಳಿಯಲಿ. ಸುದ್ದಿ ಕೇಳಿ ದರ್ಜಿಯಣ್ಣ ಫೋನಿನಲ್ಲೇ ಅತ್ತ, ಗಟ್ಟಿಯಾಗಿ.

ಊಟವಾದ ಮೇಲೆ ಕೋಣೆಯಿಂದ ಕೂಗು ಬಂತು. "ರೀ! ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅನ್ನೋದನ್ನ ಎಷ್ಟು ದಿನದಿಂದ ತಡ್ಕೊಂಡಿದೀನಿ ಗೊತ್ತಾ?"

ಪಾಪ, ಅವಳೂ ಬಾಯಲ್ಲೇ ಇಟ್ಟುಕೊಂಡಿದ್ದಳು. ಎಷ್ಟು ಹಾಯೆನಿಸಿತು! ಟವೆಲ್ ಒಣಹಾಕಿ ಬಂದು ಬರೆಯುತ್ತಿದ್ದೇನೆ. ಈಗ ದೀಪ ಆರಿಸಿ ಎಂದು ಕೂಗುತ್ತಿದ್ದಾಳೆ, ಅದೂ ಎಂಥ ಕಂಠ, ಇನ್ನೊಂದು ಸಲ ಕೂಗಲಿ ಎಂದು ಬರೆಯುತ್ತಲೇ ಇದ್ದೇನೆ. ಅಗೋ, ಅವಳೇ ಎದ್ದು ಬಂದಳು, ದೀಪ—