ಗೊದ್ದಗಳ ಪಾಲಿನ ಬಿಸ್ಕತ್ತು

ಮಾರ್ಚ್ ೧೨, ಮಂಗಳವಾರ.



ಹಸಿದ ಇರುವೆಗಳಿಗೆ ಸಿಹಿ ತಿನ್ನಿಸುವುದೇ ನನ್ನ ಕೆಲಸ ಎಂದು ಮಗಳಿಗೆ ಹೇಳಿದ್ದೆ. ಸಿಹಿಯಲ್ಲಿ ವಿಷ ಬೆರೆಸಿರುತ್ತೇನೆ ಎಂದು ಹೇಳಿರಲಿಲ್ಲ. ಬೆಳಿಗ್ಗೆ ತನ್ನ ಬಿಸ್ಕತ್ತು ಮುರಿದು ಅರ್ಧ ನನ್ನ ಚೀಲಕ್ಕೆ ಹಾಕಿದಳು. "ಪಾಪ, ಹಸಿದಿರ್ತಾವೆ. ಇದನ್ನೂ ಕೊಡಪ್ಪಾ."

ಹಸಿದೇ ಇದ್ದವು. ಮರ ಕೊರೆಯುವ ಆ ಗೊದ್ದ ಇರುವೆಗಳು ವಿಷಕ್ಕೆ ಬಾಯಿ ಹಾಕಲೆಂದು ಪ್ರಯೋಗಾಲಯದಲ್ಲಿ ಅವನ್ನು ಉಪವಾಸ ಕೆಡವಿದವನು ನಾನೇ. ಬೇರೆ ತಿಂಡಿ ಸಿಕ್ಕರೆ ವಿಷದ ಪರೀಕ್ಷೆಯೇ ಕೆಟ್ಟಂತೆ. ಬಟ್ಟಲಿಟ್ಟ ತಕ್ಷಣ ಮುತ್ತಿಕೊಂಡವು. ಮೊದಲು ತಿಂದದ್ದು ತಾನೊಂದೇ ತಿಂದು ಸುಮ್ಮನಾಗಲಿಲ್ಲ. ಗೂಡಿಗೆ ಓಡಿ ಬಾಯಿಂದ ಬಾಯಿಗೆ ಹಂಚಿತು. ನಮ್ಮ ವಿಷ ನಿಧಾನಕ್ಕೆ ಕೊಲ್ಲುವುದೂ ಅದಕ್ಕೇ. ಹಂಚಿ ಮುಗಿಸುವವರೆಗೆ ಅದು ಬದುಕಿರಬೇಕು.

"ಭಲೇ! ಗೂಡಿಗೆ ಗೂಡೇ ಖಾಲಿಯಾಗತ್ತೆ ನೋಡಿ," ಎಂದು ಮೇಲಧಿಕಾರಿ ಬೆನ್ನು ತಟ್ಟಿದರು.

ಬಿಸ್ಕತ್ತು ಬಿಸಾಡಲು ಕೈ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು ನಾನೇ ತಿಂದೆ.

ಸಂಜೆ ಮಗಳು ಬಾಗಿಲಲ್ಲೇ ಹಿಡಿದಳು. "ತಿಂದ್ವಾ?"

"ತಿಂದ್ವು ಕಣೇ. ಎಲ್ಲಾ ಹಂಚ್ಕೊಂಡು ತಿಂದ್ವು."

ಪೂರ್ತಿ ಸುಳ್ಳೂ ಅಲ್ಲ. ಈಗ ಬರೆಯಲೆಂದು ಪೆನ್ನಿಗೆ ಚೀಲದೊಳಗೆ ಕೈ ಹಾಕಿದರೆ ನಾಳೆಯ ಪಾಲು ಆಗಲೇ ಅಲ್ಲಿದೆ. ಈ ಸಲ ಮುರಿದಿಲ್ಲ, ಇಡೀ ಬಿಸ್ಕತ್ತು.