ಹೊಂಬಾಳೆ ಗುರುತಿನ ಚೀಲ

ಅಪ್ಪಾಜಿ,

ನಿಮ್ಮ ಕೊಬ್ಬರಿ ಮಂಡಿಯ ಗೋಣಿಚೀಲವೊಂದನ್ನು ಮೊನ್ನೆ ಗಾಜಿನ ಚೌಕಟ್ಟಿನೊಳಗೆ ನೋಡಿದೆ. ತಿಪಟೂರಿನಲ್ಲೇ, ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದವರೆಲ್ಲ ಸೇರಿ ನಡೆಸಿದ ಪ್ರದರ್ಶನದಲ್ಲಿ. ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯಬೇಕಿತ್ತು. ಡ್ರಾಯಿಂಗ್ ಮೇಷ್ಟ್ರು ರಜೆ ಹಾಕಿದ್ದರಿಂದ ಇಂಗ್ಲಿಷ್ ಪಾಠ ಮಾಡುವ ನನ್ನ ಪಾಲಿಗೆ ಬಂತು. ಇಲ್ಲದಿದ್ದರೆ ಅಂಥ ಕಡೆ ನಾನು ಹೋಗುವವಳಲ್ಲ. ಏಕೆಂದು ನಿಮಗೆ ಗೊತ್ತಿತ್ತೇ?

ತಗಡಿನ ಅಚ್ಚು ತುಕ್ಕು ಹಿಡಿದು ಮಂಡಿಯ ಹೆಸರು ಚೀಲದ ಮೇಲೆ ಕಲಸಿಹೋಗುತ್ತಿದ್ದಾಗ, ತೆಂಗಿನ ನಾರು ಬಡಿದು ನನಗೆ ಕುಂಚ ಮಾಡಿಕೊಟ್ಟವರು ನೀವೇ. ನನಗಾಗ ಹನ್ನೆರಡು. ಇಂಗ್ಲಿಷ್ ಮೀಡಿಯಂ ಹುಡುಗಿಗೆ ಕನ್ನಡ ಅಕ್ಷರಗಳು ಇನ್ನೂ ಅರ್ಧ ಚಿತ್ರಗಳೇ ಆಗಿದ್ದವು. ಅದಕ್ಕೇ ಏನೋ, ಚೆನ್ನಾಗಿ ಬಂದವು. "ಎಡಗೈಲಿ ಬರೀಬೇಡ ಕಣೇ, ಅದು ಮಂಡಿ ಹೆಸರು" ಎಂದಿರಿ. ಮಂಡಿಗೆ ಇಟ್ಟಿದ್ದ ನಿಮ್ಮ ಹೆಸರನ್ನು ಬಲಗೈಯಲ್ಲೇ ಬರೆದೆ. ನೀವು ಊಟಕ್ಕೆ ಎದ್ದ ಮೇಲೆ ಅದರ ಕೆಳಗೊಂದು ಹೊಂಬಾಳೆಯನ್ನು ಎಡಗೈಯಲ್ಲಿ ಬಿಡಿಸಿದೆ. ಹಮಾಲಿ ಕೆಂಪಣ್ಣ ಚೀಲಗಳನ್ನು ತಂದು ಹಾಸುತ್ತಿದ್ದ, ಮಸಿ ಒಣಗಲೆಂದು ಬಾಯಲ್ಲಿ ಊದುತ್ತಿದ್ದ. ಐದು ವರ್ಷ, ಪ್ರತಿ ಹರಾಜಿನ ಹಿಂದಿನ ಸಂಜೆ, ಇದೇ ನನ್ನ ಕೆಲಸ.

ಅರಸೀಕೆರೆಯ ದಲ್ಲಾಳಿ ಬಂದ ದಿನ ನಾನು ಬಾಗಿಲ ಹಿಂದೆಯೇ ಇದ್ದೆ. ಹೊಂಬಾಳೆ ಗುರುತಿನ ಮಾಲೇ ಬೇಕೆಂದು ದೂರದವರು ಕೇಳುತ್ತಾರೆ, ಯಾರ ಕೈ ಇದು ಎಂದು ಅವರು ವಿಚಾರಿಸಿದರು. ಬೆರಳ ತುಂಬ ಮಸಿ ಇಟ್ಟುಕೊಂಡು ನಾನು ಕಾಯುತ್ತಿದ್ದೆ. "ನಮ್ಮ ಹಮಾಲಿ ಕೆಂಪಣ್ಣಂದು ಕಣ್ರೀ" ಎಂದಿರಿ. ಅವರು ಹೋದ ಮೇಲೆ ನನ್ನ ಮುಖ ನೋಡಿ, "ಸಾವ್ಕಾರ್ರ ಮಗಳು ಚೀಲ ಬರೀತಾಳೆ ಅಂತ ಜನ ಆಡ್ಕೊಳ್ಳಲ್ವಾ? ಬುಡು" ಎಂದಿರಿ. ಆಮೇಲೆ ಯಾರು ಕೇಳಿದರೂ ಅದೇ ಉತ್ತರ.

ಮೈಸೂರಿನಲ್ಲಿ ಚಿತ್ರಕಲೆ ಕಲಿಯಲು ಸೀಟು ಸಿಕ್ಕಾಗ ನೀವು ಬೇಡವೆನ್ನಲಿಲ್ಲ. "ಈ ಸಲದ ಅಟ್ಟ ಇಳೀಲಿ, ನೋಡನ" ಎಂದಿರಿ. ಅಟ್ಟಕ್ಕೆ ಹಾಕಿದ ಕಾಯಿ ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗಲು ಒಂದು ವರ್ಷ ಬೇಕು. ನಾನೂ ಕಾದೆ. ಏಣಿ ಹತ್ತಿ, ಕಾಯಿ ಅಲ್ಲಾಡಿಸಿ, ಕೊಬ್ಬರಿ ಚಿಪ್ಪು ಬಿಟ್ಟು ಸದ್ದು ಮಾಡುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಅಟ್ಟ ಇಳಿಯುವ ಹೊತ್ತಿಗೆ ನನ್ನ ಮದುವೆ ಗೊತ್ತಾಗಿತ್ತು. ನೀವು ಬೇಡವೆಂದು ಬಾಯಿಬಿಟ್ಟು ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆನಲ್ಲ... ಆಡುತ್ತಿದ್ದೆನೇ?

ಆ ಚೌಕಟ್ಟಿನ ಮುಂದೆ ನಿಂತಾಗ ಮೊದಲು ಕಂಡದ್ದು ಹೊಂಬಾಳೆ. ಎಳೆಗಳೆಲ್ಲ ಎಡಕ್ಕೆ ವಾಲಿದ ನನ್ನ ಹೊಂಬಾಳೆ. ಸಿಂಧು ಎಂಬ ಹಂದನಕೆರೆಯ ಹುಡುಗಿ ಊರೂರು ತಿರುಗಿ, ದನದ ಕೊಟ್ಟಿಗೆಗಳಲ್ಲಿ ಚಳಿಗೆ ತೂಗುಹಾಕಿದ್ದ ಹಳೆಯ ಚೀಲಗಳನ್ನು ತಂದು ಸಾಲಾಗಿ ಇಟ್ಟಿದ್ದಳು. ನನ್ನ ಚೀಲದ ಕೆಳಗಿನ ಚೀಟಿಯಲ್ಲಿ ಹೀಗಿತ್ತು: "ಬರೆದವರು: ಹಮಾಲಿ ಕೆಂಪಣ್ಣ." ಯಾರು ಹೇಳಿದರೆಂದು ಕೇಳಿದೆ. ಆ ಮಂಡಿಯ ಹಳೆಯ ಗುಮಾಸ್ತರು ಹೇಳಿದರಂತೆ. "ಸಾವ್ಕಾರ್ರೇ ಎಲ್ಲರ್ಗೂ ಹಂಗೇ ಹೇಳ್ತಿದ್ರಂತೆ ಆಂಟಿ" ಎಂದಳು.

ನೀವು ತೀರಿಕೊಂಡಾಗ ಅತ್ತಿದ್ದೆ. ಆ ಚೀಟಿ ಓದಿ ಅಳು ಬರಲಿಲ್ಲ. ಸತ್ತ ಮೇಲೂ ನೀವು ಅದೇ ಬಾಗಿಲಲ್ಲಿ ನಿಂತು ಅದೇ ಮಾತು ಹೇಳುತ್ತಿದ್ದಿರಿ.

ಸುಮ್ಮನೆ ಬಂದುಬಿಡಬಹುದಿತ್ತು. ಸುಮ್ಮನಿರುವುದು ನನಗೇನು ಹೊಸದೇ? ಆದರೂ, ಇದನ್ನು ಬರೆದದ್ದು ನಾನು ಎಂದೆ. ಸಿಂಧು ಮರ್ಯಾದೆಯಿಂದಲೇ ನಕ್ಕಳು, ನಂಬಲಿಲ್ಲ. ಅವಳದೇ ಕುಂಚ ಕೇಳಿ ತೆಗೆದುಕೊಂಡು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ, ನನ್ನ ಶಾಲೆಯ ಮಕ್ಕಳೆಲ್ಲ ನೋಡುತ್ತಿದ್ದ ಹಾಗೇ, ಎಡಗೈಯಲ್ಲಿ ಬಿಡಿಸಿದೆ. ಇಪ್ಪತ್ತೈದು ವರ್ಷಕ್ಕೂ ಮೇಲಾಗಿತ್ತು ಅಪ್ಪಾಜಿ. ಕೈ ಮರೆತಿರಲಿಲ್ಲ. ಅವಳು ಅದನ್ನು ಗಾಜಿನ ಪಕ್ಕ ಹಿಡಿದು ನೋಡಿದಳು. ಎಡಕ್ಕೆ ವಾಲಿದ ಎಳೆಗಳನ್ನು ಒಂದೊಂದಾಗಿ ಹೋಲಿಸಿದಳು. "ಇಷ್ಟು ದಿನ ಎಲ್ಲಿದ್ರಿ ಆಂಟಿ?" ಎಂದಳು. ಅಟ್ಟ ಇಳಿಯಲೆಂದು ಕಾಯುತ್ತಿದ್ದೆ ಎನ್ನಲೇ?

ನಿಮಗೆ ತಿಳಿಯದೆ ಹೋದ ಸುದ್ದಿ ಇದು: ಚೀಟಿ ಬದಲಾಗಿದೆ. "ಬರೆದವರು: ಶೈಲಜಾ. ಚೀಲ ಹೊತ್ತವರು: ಕೆಂಪಣ್ಣ." ಅವನ ಹೆಸರು ತೆಗೆಯಬಾರದೆಂದು ನಾನೇ ಹೇಳಿದೆ; ಅವನು ಯಾವತ್ತೂ ಸುಳ್ಳು ಹೇಳಿರಲಿಲ್ಲ. "ನಿಮ್ಮ ತಂದೆಯವರ ಹೆಸರೂ ಹಾಕ್ಲಾ ಆಂಟಿ?" ಎಂದು ಸಿಂಧು ಕೇಳಿದಳು. ಬೇಡ ಎಂದೆ. ಸೇಡೇ ಇದು? ಇರಬಹುದು. ನಿಮ್ಮ ಹೆಸರು ಚೀಲದ ಮೇಲೆ ಹೇಗೂ ಇದೆಯಲ್ಲ ಅಪ್ಪಾಜಿ, ದೊಡ್ಡದಾಗಿ. ಅದನ್ನು ಬರೆದವಳೂ ನಾನೇ.

ಶೈಲಜಾ